ಪಾತ್ರೆಯಲ್ಲಿ ಉಳಿದ ಊಟ ಯಾರ ಪಾಲು?

ಮದುವೆಯ ಊಟ ಮುಗಿದ ಮೇಲೆ ಛತ್ರದ ಅಡುಗೆಮನೆ ಕಡೆ ಯಾವಾಗಲಾದರೂ ಇಣುಕಿ ನೋಡಿದ್ದೀರಾ, ಮಕ್ಕಳೇ? ಕೊನೆಯ ಪಂಕ್ತಿ ಎದ್ದಾಗಿರುತ್ತದೆ. ಆದರೂ ಕೊಪ್ಪರಿಗೆಯಲ್ಲಿ ಅನ್ನ, ದೊಡ್ಡ ಪಾತ್ರೆಯಲ್ಲಿ ಹುಳಿ, ಬುಟ್ಟಿಯಲ್ಲಿ ಹೋಳಿಗೆ ಉಳಿದಿರುತ್ತವೆ. ಅಡುಗೆಯವರು ದಣಿದಿರುತ್ತಾರೆ, ಮದುವೆ ಮನೆಯವರು ಗಂಟುಮೂಟೆ ಕಟ್ಟುವ ಅವಸರದಲ್ಲಿರುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಅಷ್ಟೂ ಕಸದ ಗಾಡಿಗೆ ಹೋಗುತ್ತದೆ. ಅದೇ ಛತ್ರದ ಹಿಂದಿನ ಬೀದಿಯಲ್ಲಿ ಯಾರೋ ಬರೀ ನೀರು ಕುಡಿದು ಮಲಗಿರಬಹುದು.

ಇದೇನು ಊಹೆಯ ಮಾತಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ತಂಡವೊಂದು 2012ರಲ್ಲಿ ನಗರದ 75 ಕಲ್ಯಾಣ ಮಂಟಪಗಳನ್ನು ಸುತ್ತಿ ಲೆಕ್ಕ ಹಾಕಿತ್ತು. ಬೆಂಗಳೂರಿನ ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಪೋಲಾಗುತ್ತದೆ ಎಂದು ಗೊತ್ತಾಯಿತು. ಒಂದು ಲಾರಿಗೆ ಹತ್ತು ಟನ್ ಎಂದುಕೊಂಡರೂ 94 ಲಾರಿ ತುಂಬಿ ಇನ್ನೂ ಮಿಗುತ್ತದೆ! ಇಡೀ ಜಗತ್ತಿನ ಲೆಕ್ಕ ಇನ್ನೂ ದೊಡ್ಡದು. ವಿಶ್ವಸಂಸ್ಥೆಯ ಪ್ರಕಾರ 2022ರಲ್ಲಿ ಅಂಗಡಿ, ಹೋಟೆಲು, ಮನೆಗಳಲ್ಲಿ ಹಾಳಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ನಮ್ಮಂಥವರ ಮನೆಗಳಿಂದಲೇ. ಹೊಟ್ಟೆ ತುಂಬ ಊಟವಿಲ್ಲದವರು ಜಗತ್ತಿನಲ್ಲಿ ಸುಮಾರು 70 ಕೋಟಿ ಮಂದಿ.

ಒಂದು ಕಡೆ ಊಟ ಉಳಿದಿದೆ, ಇನ್ನೊಂದು ಕಡೆ ಹಸಿವಿದೆ. ನಡುವೆ ಇರುವುದು ಒಮ್ಮೊಮ್ಮೆ ಒಂದೇ ಬೀದಿಯ ದೂರ. ಹಾಗಾದರೆ ಅದನ್ನು ಹೊತ್ತು ಮುಟ್ಟಿಸುವವರು ಯಾರು?

ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದವರು ಹಂಟರ್ ಹಾಲ್ಡರ್. ಅಮೆರಿಕದಲ್ಲಿ ಹುಟ್ಟಿ ಲಿಸ್ಬನ್‌ನಲ್ಲಿ ನೆಲೆಸಿದವರು. 2011ರ ಮಾರ್ಚ್‌ನಲ್ಲಿ ಅವರು ಒಂದು ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಹೊರಟರು. ತಮ್ಮ ಬಡಾವಣೆಯ ಹೋಟೆಲುಗಳ ಬಾಗಿಲು ತಟ್ಟಿ, ಮಾರಾಟವಾಗದೆ ಉಳಿದ ಊಟ ಪಡೆದು, ಅದೇ ಬಡಾವಣೆಯ ಬಡವರಿಗೆ ಕೊಟ್ಟರು. ಆರಂಭದಲ್ಲಿ ಇದ್ದವರು ಅವರೊಬ್ಬರೇ. ಆಮೇಲೆ ನೆರೆಹೊರೆಯವರು ಕೈಜೋಡಿಸಿದರು. ಒಬ್ಬೊಬ್ಬರು ವಾರಕ್ಕೆ ಎರಡು ಗಂಟೆ ಕೊಟ್ಟರೆ ಸಾಕು ಎಂಬ ಲೆಕ್ಕ. ಹನಿ ಹನಿ ಕೂಡಿ ಹಳ್ಳವಾಯಿತು. ‘ರೀಫುಡ್’ ಎಂಬ ಹೆಸರಿನ ಆ ಕೆಲಸ ಪೋರ್ಚುಗಲ್ಲಿನ ಬೇರೆ ಊರುಗಳಿಗೂ ಹಬ್ಬಿತು.

ಆ ಸಮಯದಲ್ಲಿ ಕೆಲಸದ ಮೇಲೆ ಪೋರ್ಚುಗಲ್‌ಗೆ ಹೋಗಿದ್ದ ನೀಲ್ ಘೋಷ್ ಎಂಬ ಭಾರತದ ಯುವಕ ಇದನ್ನು ಕಂಡರು. ನಮ್ಮಲ್ಲೂ ಹೀಗೆ ಮಾಡಬಹುದಲ್ಲ ಎನಿಸಿತು. 2014ರ ಆಗಸ್ಟ್‌ನಲ್ಲಿ ಅವರೂ ಆನಂದ್ ಸಿನ್ಹಾ ಮತ್ತು ಕೆಲವು ಗೆಳೆಯರೂ ಸೇರಿ ದೆಹಲಿಯಲ್ಲಿ ಹೋಟೆಲುಗಳಿಂದ ಊಟ ಸಂಗ್ರಹಿಸಿ, ಮೊದಲ ರಾತ್ರಿಯೇ ಸುಮಾರು 150 ಜನರಿಗೆ ಬಡಿಸಿದರು. ‘ರಾಬಿನ್ ಹುಡ್ ಆರ್ಮಿ’ ಹುಟ್ಟಿದ್ದು ಹೀಗೆ. ಕಥೆಯ ರಾಬಿನ್ ಹುಡ್ ಉಳ್ಳವರಿಂದ ಕಸಿದು ಇಲ್ಲದವರಿಗೆ ಕೊಡುತ್ತಿದ್ದ. ಇವರು ಕಸಿಯುವುದಿಲ್ಲ, ಕೇಳಿ ಪಡೆಯುತ್ತಾರೆ. ಹಸಿರು ಟೀ ಶರ್ಟ್ ತೊಟ್ಟ ಈ ಸ್ವಯಂಸೇವಕರಿಗೆ ‘ರಾಬಿನ್’ ಎಂದೇ ಹೆಸರು. ಇವರಲ್ಲಿ ವಿದ್ಯಾರ್ಥಿಗಳಿದ್ದಾರೆ, ಕಚೇರಿಗೆ ಹೋಗುವವರಿದ್ದಾರೆ, ಗೃಹಿಣಿಯರೂ ನಿವೃತ್ತರೂ ಇದ್ದಾರೆ. ನಮ್ಮ ಬೆಂಗಳೂರಿನಲ್ಲೂ ಇದ್ದಾರೆ.

ಇವರದು ಒಂದು ಗಟ್ಟಿ ನಿಯಮ: ಯಾರಿಂದಲೂ ಹಣ ಪಡೆಯುವಂತಿಲ್ಲ. ಕೊಡುವುದಾದರೆ ಊಟ ಕೊಡಿ, ಇಲ್ಲವೇ ನಿಮ್ಮ ಸಮಯ ಕೊಡಿ. ಮೊದಲು ಯಾವ ಬೀದಿಯಲ್ಲಿ ಯಾರಿಗೆ ಅಗತ್ಯವಿದೆ ಎಂದು ನೋಡಿಕೊಂಡು ಬರುತ್ತಾರೆ. ಬೀದಿಬದಿ ಮಲಗುವವರು, ಕೊಳೆಗೇರಿಯ ಮಕ್ಕಳು, ಅನಾಥಾಶ್ರಮ, ವೃದ್ಧಾಶ್ರಮ ಎಲ್ಲವೂ ಇವರ ಪಟ್ಟಿಯಲ್ಲಿವೆ. ಯಾವ ಭಾಷೆ, ಯಾವ ಜಾತಿ, ಯಾವ ಊರು ಎಂದು ಯಾರೂ ಕೇಳುವುದಿಲ್ಲ. ಬೀದಿಯಲ್ಲಿ ಸಿಕ್ಕ ಮಕ್ಕಳಿಗೆ ಅಕ್ಷರ ಕಲಿಸಿ ಶಾಲೆಗೆ ಸೇರಲು ಅಣಿಗೊಳಿಸುವ ಕೆಲಸವನ್ನೂ ಇವರು ಮಾಡುತ್ತಾರೆ. ಪಾಕಿಸ್ತಾನದ ಕರಾಚಿಯ ಯುವಕ ಯುವತಿಯರು 2015ರಲ್ಲಿ ಇದೇ ಹೆಸರಿನಲ್ಲಿ ಕೆಲಸ ಆರಂಭಿಸಿದರು. ಹಸಿವಿಗೆ ಗಡಿ ಎಲ್ಲಿಯದು?

ಈಗ ಅಜ್ಜಿ ತಾತಂದಿರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತೀರಿ: “ಎಂಜಲನ್ನು ದಾನ ಮಾಡುವುದು ಸರಿಯೇ?” ಸರಿಯಲ್ಲ. ಎಲೆಯಲ್ಲಿ ಉಳಿದದ್ದು ಎಂಜಲು. ಪಾತ್ರೆಯಲ್ಲಿ, ಯಾರೂ ಕೈ ಹಾಕದೆ ಉಳಿದದ್ದು ಊಟ. ಕೊಡಬೇಕಾದದ್ದು ಎರಡನೆಯದನ್ನು. ಅದನ್ನೂ ಹೊತ್ತು ಮೀರುವ ಮೊದಲೇ ಕೊಡಬೇಕು. ಬೇಯಿಸಿದ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹಾಗೇ ಹೊರಗಿಟ್ಟರೆ ರೋಗಾಣುಗಳು ಬೆಳೆಯುತ್ತವೆ. ತೆಂಗಿನಕಾಯಿ ಹಾಕಿದ ಚಟ್ನಿ, ಪಲ್ಯಗಳು ಇನ್ನೂ ಬೇಗ ಹಳಸುತ್ತವೆ. ನಾವು ತಿನ್ನಲು ಹಿಂಜರಿಯುವುದನ್ನು ಬೇರೆಯವರಿಗೆ ಕೊಟ್ಟರೆ ಅದು ದಾನವಲ್ಲ, ಅವಮಾನ. ಉಳಿದ ಆಹಾರವನ್ನು ಸುರಕ್ಷಿತವಾಗಿ ಸಂಗ್ರಹಿಸಿ ಹಂಚಲು ನಮ್ಮ ದೇಶದಲ್ಲಿ 2019ರಿಂದ ನಿಯಮಗಳೇ ಇವೆ.

ಆದ್ದರಿಂದ ಮನೆಯಲ್ಲಿ ನಾಮಕರಣ, ಮದುವೆ, ಗೃಹಪ್ರವೇಶ ಬಂದರೆ ಒಂದು ಕೆಲಸ ಮಾಡಿ. ಛತ್ರ, ವಾದ್ಯ, ಅಡುಗೆಯವರನ್ನು ಗೊತ್ತು ಮಾಡುವ ದಿನವೇ, ಊಟ ಉಳಿದರೆ ಯಾರನ್ನು ಕರೆಯಬೇಕು ಎಂಬುದನ್ನೂ ಗೊತ್ತು ಮಾಡಿಕೊಳ್ಳಿ. ನಿಮ್ಮ ಊರಿನಲ್ಲಿ ಇಂಥ ತಂಡವಿಲ್ಲದಿದ್ದರೆ ಹತ್ತಿರದ ಹಾಸ್ಟೆಲ್, ಆಶ್ರಮದವರನ್ನು ಮೊದಲೇ ಕೇಳಿಡಿ. ಆ ಫೋನ್ ನಂಬರನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸುವ ಹೊಣೆ ಮಕ್ಕಳದು. ಕೊನೆಯ ಪಂಕ್ತಿ ಕೂರುವಾಗಲೇ ಪಾತ್ರೆಗಳತ್ತ ಒಮ್ಮೆ ಕಣ್ಣು ಹಾಯಿಸಿ, “ಈಗ ಫೋನ್ ಮಾಡು ಮಗೂ” ಎಂದು ಹೇಳುವ ಹೊಣೆ ಅಜ್ಜಿಯದು. ಎಷ್ಟು ಜನರಿಗೆ ಎಷ್ಟು ಅಕ್ಕಿ, ಎಷ್ಟು ಉಳಿಯಬಹುದು ಎಂಬ ಅಂದಾಜು ಅಜ್ಜಿಯಷ್ಟು ಚೆನ್ನಾಗಿ ಇನ್ನಾರಿಗೆ ಗೊತ್ತು?