ಅಶ್ವಹೃದಯ, ಅಕ್ಷಹೃದಯ

ನಳನ ಕಥೆಯಲ್ಲಿ ಎರಡು ವಿದ್ಯೆಗಳ ಮಾತು ಬರುತ್ತದೆ. ಒಂದು ಅಶ್ವಹೃದಯ, ಕುದುರೆಯ ಮರ್ಮವನ್ನು ಬಲ್ಲ ವಿದ್ಯೆ. ಇನ್ನೊಂದು ಅಕ್ಷಹೃದಯ, ದಾಳದ ಮರ್ಮವನ್ನೂ ಎಣಿಕೆಯ ಮರ್ಮವನ್ನೂ ಬಲ್ಲ ವಿದ್ಯೆ. ವ್ಯಾಸಭಾರತದ ವನಪರ್ವದಲ್ಲಿ ಬರುವ ಈ ಕಥೆಯನ್ನು ಕನಕದಾಸರು ‘ನಳಚರಿತ್ರೆ’ಯಾಗಿ ಕನ್ನಡಿಗರ ಮನೆಮನೆಗೆ ಮುಟ್ಟಿಸಿದರು. ನಳನಿಗೆ ಮೊದಲನೆಯ ವಿದ್ಯೆ ಕರತಲಾಮಲಕವಾಗಿತ್ತು. ಆದರೂ ಅವನು ಪುಷ್ಕರನೊಡನೆ ಜೂಜಾಡಿ, ರಾಜ್ಯವನ್ನು ಸೋತು, ಉಟ್ಟ ಬಟ್ಟೆಯಲ್ಲಿ ಕಾಡು ಸೇರಿದ. ಮುಂದೆ ಋತುಪರ್ಣನ ಸಾರಥಿಯಾಗಿ ರಥವನ್ನು ನಡೆಸುತ್ತಿದ್ದಾಗ, ದಾರಿಯ ಬದಿಯ ತಾರೆಯ ಮರವೊಂದರ ಎಲೆಕಾಯಿಗಳ ಲೆಕ್ಕವನ್ನು ಆ ದೊರೆ ನೋಡಿದೊಡನೆ ಹೇಳಿದ. ನಳ ರಥವನ್ನು ನಿಲ್ಲಿಸಿ ಎಣಿಸಿದರೆ ಲೆಕ್ಕ ಸರಿಯಾಗಿತ್ತು. ಅಲ್ಲಿ ಒಬ್ಬರ ವಿದ್ಯೆಗೆ ಒಬ್ಬರ ವಿದ್ಯೆ ಬದಲಾಯಿತು. ವೇದಕಾಲದಲ್ಲಿ ದಾಳವಾಗಿ ಬಳಸುತ್ತಿದ್ದುದು ತಾರೆಯ ಕಾಯಿಯನ್ನೇ ಎಂಬುದನ್ನು ನೆನೆದರೆ, ಕವಿ ಆ ಮರವನ್ನು ಆರಿಸಿಕೊಂಡುದರ ಔಚಿತ್ಯ ತಿಳಿಯುತ್ತದೆ. ಕುದುರೆಯನ್ನು ಬಲ್ಲವನು ಜೂಜನ್ನೂ ಬಲ್ಲನೆಂದು ತಿಳಿಯಬೇಡಿ. ಅವು ಬೇರೆ ಬೇರೆ ವಿದ್ಯೆಗಳು. ಕಥೆ ಹೇಳುವುದು ಇಷ್ಟು.

ಈ ಮಾತು ನನಗೆ ಮೇಲಿಂದ ಮೇಲೆ ನೆನಪಾಗುವುದು ರೇಸಿನ ದಿನಗಳಲ್ಲಿ. ಬೆಂಗಳೂರಿನ ರೇಸಿಗೆ ವರ್ಷದಲ್ಲಿ ಎರಡು ಸುಗ್ಗಿ: ಬೇಸಗೆಯಲ್ಲಿ ತೊಡಗಿ ಮಳೆಗಾಲಕ್ಕೆ ಹಾಯುವುದು ಒಂದು, ಚಳಿಗಾಲದ್ದು ಇನ್ನೊಂದು. ಡರ್ಬಿ ಹತ್ತಿರವಾದಂತೆ ನಮ್ಮ ವಿಜಯನಗರ, ರಾಜಾಜಿನಗರಗಳ ಹೋಟೆಲುಗಳಲ್ಲಿ ಕಾಫಿಯ ಲೋಟದ ಪಕ್ಕಕ್ಕೆ ರೇಸಿನ ಪುಸ್ತಕ ಬಂದು ಕೂಡುತ್ತದೆ. ಕುದುರೆಯ ತಂದೆತಾಯಿ ಯಾರು, ಹಿಂದಿನ ಓಟದಲ್ಲಿ ಎಷ್ಟನೆಯದಾಗಿ ಬಂತು, ಮೇಲೆ ಕೂರುವ ಜಾಕಿ ಯಾರು, ಹೊರುವ ಭಾರವೆಷ್ಟು, ಇವೆಲ್ಲವನ್ನೂ ಹಿರಿಯರೊಬ್ಬರು ಪೆನ್ಸಿಲು ಹಿಡಿದು ಗುರುತು ಹಾಕುವ ಏಕಾಗ್ರತೆಯನ್ನು ಕಂಡಾಗ, ನನ್ನ ವಿದ್ಯಾರ್ಥಿಗಳು ಪಂಪನನ್ನು ಇದರ ಅರ್ಧದಷ್ಟು ಶ್ರದ್ಧೆಯಿಂದ ಓದಿದರೂ ಸಾಕಲ್ಲವೆ ಎನ್ನಿಸುತ್ತದೆ. ಅದು ಓದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಓದಿನ ಫಲ ಯಾರಿಗೆ ಸಲ್ಲುತ್ತದೆ ಎಂಬುದೇ ಪ್ರಶ್ನೆ.

ಕಾನೂನೂ ಇದನ್ನು ಓದೆಂದು ಒಪ್ಪಿದೆ. ಹಳೆಯ ಮೈಸೂರು ಸಂಸ್ಥಾನ 1932ರಲ್ಲಿಯೇ ಪಣದ ಮೇಲಿನ ತೆರಿಗೆಗೆ ಕಾಯಿದೆ ಮಾಡಿತ್ತು. ರೇಸಿನ ಬಯಲುಗಳಿಗೆ ಪರವಾನಗಿ ಕೊಡುವ ಕಾಯಿದೆ 1952ರಲ್ಲಿ ಬಂದಿತು. ತಮಿಳುನಾಡಿನ ಮೊಕದ್ದಮೆಯೊಂದರಲ್ಲಿ 1996ರ ಜನವರಿ 12ರಂದು ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯ, ಕುದುರೆ ಪಂದ್ಯದಲ್ಲಿ ಮೇಲುಗೈಯಾಗಿರುವುದು ಕೌಶಲವೇ ಹೊರತು ಬರಿಯ ಅದೃಷ್ಟವಲ್ಲ ಎಂದಿತು. ಕುದುರೆಯ ತಳಿ, ತರಬೇತಿ, ಸವಾರನ ಕೈಚಳಕ ಇವನ್ನೆಲ್ಲ ಅರಿತು ಪಣವೊಡ್ಡುವುದು ಇಸ್ಪೀಟಿನ ಎಲೆ ಎಳೆದಂತಲ್ಲ. ನ್ಯಾಯಾಲಯದ ಮಾತನ್ನು ನಾನು ಮನ್ನಿಸುತ್ತೇನೆ. ಆದರೆ ನ್ಯಾಯಾಲಯ ಎತ್ತಿ ಹಿಡಿದುದು ಅಶ್ವಹೃದಯವನ್ನು. ಜೇಬಿನ ಹಣ ಉಳಿಯುವುದೂ ಹೋಗುವುದೂ ಇನ್ನೊಂದು ವಿದ್ಯೆಯ ಕೈಯಲ್ಲಿದೆ.

ಮೊದಲು ಭಾರದ ಲೆಕ್ಕವನ್ನೇ ನೋಡಿ. ಹಲವು ಓಟಗಳಲ್ಲಿ ಬಲವಾದ ಕುದುರೆಗೆ ಹೆಚ್ಚು ಭಾರವನ್ನೂ ದುರ್ಬಲವಾದುದಕ್ಕೆ ಕಡಿಮೆ ಭಾರವನ್ನೂ ಹೊರಿಸುತ್ತಾರೆ. ಭಾರವನ್ನು ಗೊತ್ತುಮಾಡುವ ಅಧಿಕಾರಿಯ ಆದರ್ಶವೆಂದರೆ ಎಲ್ಲ ಕುದುರೆಗಳೂ ಒಂದೇ ಸಾಲಿನಲ್ಲಿ ಗುರಿ ಮುಟ್ಟಬೇಕು ಎಂಬುದು. ಹೋಟೆಲಿನ ಹಿರಿಯರು ವಾರವೆಲ್ಲ ಕೂತು ಕಂಡುಹಿಡಿದ ವ್ಯತ್ಯಾಸವನ್ನು ಅಳಿಸುವುದಕ್ಕಾಗಿಯೇ, ಅವರಷ್ಟೇ ಕುದುರೆಯನ್ನು ಬಲ್ಲ ಇನ್ನೊಬ್ಬರು ಸಂಬಳ ಪಡೆದು ಕೂತಿದ್ದಾರೆ.

ಇನ್ನು ಹಣದ ಲೆಕ್ಕ. 1867ರ ಸುಮಾರಿಗೆ ಪ್ಯಾರಿಸಿನಲ್ಲಿ ಜೋಸೆಫ್ ಒಲ್ಲರ್ ಎಂಬಾತ ಒಂದು ಹೊಸ ಪದ್ಧತಿಯನ್ನು ತಂದ. ಪಣದ ಹಣವನ್ನೆಲ್ಲ ಒಂದು ರಾಶಿ ಹಾಕಿ, ಅದರಲ್ಲಿ ನಡೆಸುವವರ ಪಾಲನ್ನು ತೆಗೆದು, ಉಳಿದುದನ್ನು ಗೆದ್ದವರಿಗೆ ಹಂಚುವುದು. ಇಂದು ರೇಸಿನ ಬಯಲಿನಲ್ಲಿ ‘ಟೋಟ್’ ಎನ್ನುವುದು ಇದನ್ನೇ. ಇಲ್ಲಿ ನೀವು ಆಡುವುದು ಕುದುರೆಯ ಮೇಲಲ್ಲ, ಪಕ್ಕದಲ್ಲಿ ನಿಂತವನ ತಿಳಿವಳಿಕೆಯ ಮೇಲೆ. ಎಲ್ಲರೂ ಬಲ್ಲ ಕುದುರೆ ಗೆದ್ದರೆ ಎಲ್ಲರಿಗೂ ಚೂರುಪಾರು. ರಾಶಿಯಿಂದ ನೂರಕ್ಕೆ 20ರಷ್ಟು ಕಳೆಯುತ್ತಾರೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಸಾಧಾರಣ ಅದೃಷ್ಟದ ಒಬ್ಬಾತ 100 ರೂಪಾಯಿಯಿಂದ ತೊಡಗಿ, ಬಂದುದನ್ನೆಲ್ಲ ಮತ್ತೆ ಹೂಡುತ್ತ ಹೋದರೆ, ಏಳು ಓಟ ಮುಗಿಯುವಾಗ ಅವನ ಪಾಲಿಗೆ ಸರಾಸರಿ ಉಳಿಯುವುದು 21 ರೂಪಾಯಿ. ಇದರ ಮೇಲೆ ತೆರಿಗೆ ಬೇರೆ: ಈ ಬಗೆಯ ಪಣಗಳ ಮೇಲಿನ ಸರಕು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 40ಕ್ಕೆ ಏರಿತು. ಋತುಪರ್ಣ ಎಣಿಸಿದ ಎಲೆಕಾಯಿಗಳೆಂದರೆ ಇವೇ. ಇವನ್ನು ಎಣಿಸುವವರು ಬಯಲಿನಲ್ಲಿ ಕಡಿಮೆ.

ಎಣಿಕೆಗೂ ಸಿಗದ ಒಂದು ಪಾಲು ಉಳಿದೇ ಉಳಿಯುತ್ತದೆ. ನಮ್ಮಲ್ಲಿ ಕುದುರೆಗಳು ಓಡುವುದು ಸಮತಟ್ಟಾದ ಹಾದಿಯಲ್ಲಿ. ಈ ಆಟವನ್ನು ನಮಗೆ ಕಲಿಸಿದ ಇಂಗ್ಲೆಂಡಿನಲ್ಲಿ ಬೇಲಿ ಕಾಲುವೆಗಳನ್ನು ನೆಗೆದು ಓಡುವ ಪಂದ್ಯಗಳೂ ಉಂಟು. ಮಾರ್ಚಿಯಲ್ಲಿ ಚೆಲ್ಟನ್‌ಹ್ಯಾಮಿನಲ್ಲಿ ನಾಲ್ಕು ದಿನ ಅದರ ಜಾತ್ರೆ. ಏಪ್ರಿಲಿನಲ್ಲಿ ಲಿವರ್‌ಪೂಲಿನ ಬಳಿ ಏಂಟ್ರಿಯಲ್ಲಿ ಗ್ರ್ಯಾಂಡ್ ನ್ಯಾಷನಲ್, ಸುಮಾರು 7 ಕಿಲೋಮೀಟರು, 30 ನೆಗೆತ. 1967ರಲ್ಲಿ ಅಲ್ಲಿ 23ನೆಯ ಬೇಲಿಯ ಬಳಿ ಸವಾರನಿಲ್ಲದ ಕುದುರೆಯೊಂದು ಅಡ್ಡ ತಿರುಗಿತು. ಮುಂದಿದ್ದ ಕುದುರೆಗಳೆಲ್ಲ ಒಂದರ ಮೇಲೊಂದು ಬಿದ್ದು, ನಿಂತು, ಗೋಜಲಾದುವು. ಬಹಳ ಹಿಂದೆ ಬರುತ್ತಿದ್ದ ಫಾಯ್ನಾವನ್ ಎಂಬುದು ಮಾತ್ರ ಸಂದು ನೋಡಿಕೊಂಡು ನೆಗೆದು ಗೆದ್ದುಬಿಟ್ಟಿತು. ಅದರ ದರ 1ಕ್ಕೆ 100. ಒಡೆಯನೂ ತರಬೇತುಗಾರನೂ ಅಂದು ಬಯಲಿಗೇ ಬಂದಿರಲಿಲ್ಲ. ಹಿಂದೆ ಬಿದ್ದುದೇ ಅದಕ್ಕೆ ವರವಾಯಿತು. ‘ಅದೃಷ್ಟ’ ಎಂದರೆ ಕಾಣದೆ ಇದ್ದುದು ಎಂದೇ ಅರ್ಥ. ಆ ಪದವನ್ನು ನಾವು ಭಾಗ್ಯವೆಂಬಂತೆ ಬಳಸುತ್ತ ಬಂದು ಮೂಲಾರ್ಥವನ್ನು ಮರೆತಿದ್ದೇವೆ.

ಆಟ ಆಟವಾಗಿಯೇ ಉಳಿಯುವುದಾದರೆ ಇಷ್ಟು ಹೇಳಬೇಕಾಗಿರಲಿಲ್ಲ. ಕೈಗೆ ಮಿಕ್ಕ ನೂರು ರೂಪಾಯಿಯಲ್ಲಿ ಒಂದು ಮಧ್ಯಾಹ್ನದ ಉಲ್ಲಾಸವನ್ನು ಕೊಂಡುಕೊಳ್ಳುವವನನ್ನು ಹಳಿಯಲು ನಾನಾರು? ಕೆಲವು ವರ್ಷಗಳ ಹಿಂದೆ ಪರೀಕ್ಷೆಯ ಶುಲ್ಕ ಕಟ್ಟದೆ ತರಗತಿ ಬಿಟ್ಟ ವಿದ್ಯಾರ್ಥಿನಿಯೊಬ್ಬಳನ್ನು ವಿಚಾರಿಸಲು ನಾನು ಅವಳ ಮನೆಗೆ ಹೋಗಿದ್ದೆ. ತಾಯಿ ಬಾಗಿಲಲ್ಲೇ ನಿಂತು ಹೇಳಿದರು: “ಮೇಷ್ಟ್ರೇ, ಕುದುರೆಗಳದ್ದು ಮೂರು ತಲೆಮಾರಿನ ವಂಶ ಹೇಳ್ತಾರೆ ನಮ್ಮ ಯಜಮಾನ್ರು. ಮಗಳು ಯಾವ ಕ್ಲಾಸು ಅಂತ ಕೇಳಿ ನೋಡಿ, ಗೊತ್ತಿಲ್ಲ.” ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಬಹಳ ದಿನದ ಬಳಲಿಕೆ ಇತ್ತು. ಒಳಗೆ ತಂದೆಯ ಕೆಮ್ಮು ಕೇಳಿಸುತ್ತಿತ್ತು. ಅವರು ಹೊರಗೆ ಬರಲಿಲ್ಲ. ಹುಡುಗಿ ಆ ವರ್ಷ ಪರೀಕ್ಷೆಗೆ ಕೂಡಲಿಲ್ಲ.

ಸಭಾಪರ್ವವನ್ನು ಪಾಠ ಹೇಳುವಾಗ ದ್ಯೂತದ ಪ್ರಸಂಗದಲ್ಲಿ ವಿದ್ಯಾರ್ಥಿಗಳು ಶಕುನಿಯ ಮೋಸವನ್ನೇ ಹಿಡಿದುಕೊಳ್ಳುತ್ತಾರೆ. ದ್ರೌಪದಿ ಕೇಳಿದುದು ಅದನ್ನಲ್ಲ. ದಾಳ ನೆಟ್ಟಗಿತ್ತೆ, ಸೊಟ್ಟಗಿತ್ತೆ ಎಂದು ಅವಳು ಕೇಳಲಿಲ್ಲ. ತನ್ನನ್ನು ತಾನು ಮೊದಲೇ ಸೋತವನಿಗೆ ನನ್ನನ್ನು ಒಡ್ಡುವ ಹಕ್ಕು ಎಲ್ಲಿಂದ ಬಂತು ಎಂದು ಕೇಳಿದಳು. ಕೌಶಲವೋ ಅದೃಷ್ಟವೋ ಎಂಬುದು ನ್ಯಾಯಾಲಯಗಳು ತೀರ್ಮಾನಿಸಬಹುದಾದ ಪ್ರಶ್ನೆ, ಅವು ತೀರ್ಮಾನಿಸಿಯೂ ಇವೆ. ಒಡ್ಡಿದ ಹಣ ಯಾರದು ಎಂಬುದು ಇನ್ನೊಂದು ಪ್ರಶ್ನೆ. ಭೀಷ್ಮನಂಥವನೂ ಅಂದು ಅದಕ್ಕೆ ನೇರವಾದ ಉತ್ತರ ಕೊಡಲಾರದೆ ಹೋದ. ರೇಸಿನ ಪುಸ್ತಕದಲ್ಲಿ ಕುದುರೆಯ ಭಾರವಿರುತ್ತದೆ, ವಯಸ್ಸಿರುತ್ತದೆ, ವಂಶವಿರುತ್ತದೆ. ಈ ಪ್ರಶ್ನೆಗೆ ಅದರಲ್ಲಿ ಒಂದು ಅಂಕಣವೂ ಇಲ್ಲ. ಅದನ್ನು ಪೆನ್ಸಿಲು ಹಿಡಿದವನೇ ಬರೆದುಕೊಳ್ಳಬೇಕು, ಮನೆಯಿಂದ ಹೊರಡುವುದಕ್ಕೆ ಮುಂಚೆ.