ಡೆಸ್ಕ್‌ಟಾಪ್‌ಗೆ ಬ್ಲೂಟೂತ್: ಡಾಂಗಲ್ ಸಿಕ್ಕಿಸಿದರಷ್ಟೇ ಸಾಲದು

ಲ್ಯಾಪ್‌ಟಾಪ್ ಕೊಂಡರೆ ಬ್ಲೂಟೂತ್ ಅದರೊಳಗೇ ಬರುತ್ತದೆ. ಡೆಸ್ಕ್‌ಟಾಪ್‌ನ ಕಥೆ ಹಾಗಲ್ಲ. ಅಲ್ಲಿ ಬ್ಲೂಟೂತ್ ಸಾಮಾನ್ಯವಾಗಿ ವೈ-ಫೈ ಇರುವ ಕಾರ್ಡಿನಲ್ಲೇ ಇರುವುದರಿಂದ, ವೈ-ಫೈ ಇಲ್ಲದ ಮದರ್‌ಬೋರ್ಡ್ ಹಾಕಿ ಜೋಡಿಸಿದ ಕಂಪ್ಯೂಟರಿನಲ್ಲಿ ಅದೂ ಇರುವುದಿಲ್ಲ. ಆಗ ಹೆಚ್ಚಿನವರು ಹಿಡಿಯುವ ದಾರಿ ಒಂದೇ: ಪುಟ್ಟದೊಂದು ಯುಎಸ್‌ಬಿ ಡಾಂಗಲ್ ತಂದು ಸಿಪಿಯು ಹಿಂಬದಿಯಲ್ಲಿ ಸಿಕ್ಕಿಸುವುದು. ಹೆಡ್‌ಫೋನ್ ಪೇರ್ ಆಗುತ್ತದೆ, ಹಾಡೂ ಕೇಳಿಸುತ್ತದೆ. ಕುರ್ಚಿ ಸ್ವಲ್ಪ ಹಿಂದಕ್ಕೆ ಸರಿಸಿದ್ದೇ ತಡ, ಹಾಡು ತುಂಡು ತುಂಡಾಗುತ್ತದೆ, ಮೌಸ್ ತಡವರಿಸುತ್ತದೆ. ಡಾಂಗಲ್ಲೇ ಸರಿಯಿಲ್ಲವೆಂದು ಬೇರೊಂದನ್ನು ತಂದರೂ ಅದೇ ಪಾಡು. ಹಲವು ಸಲ ತಪ್ಪಿರುವುದು ಡಾಂಗಲ್‌ನಲ್ಲಲ್ಲ, ಅದನ್ನು ಕೂರಿಸಿದ ಜಾಗದಲ್ಲಿ.

ಅಡ್ಡಿ ಬರುವುದು ಎಲ್ಲಿಂದ?

ಬ್ಲೂಟೂತ್ ಕೆಲಸ ಮಾಡುವುದು 2402ರಿಂದ 2480 ಮೆಗಾಹರ್ಟ್ಸ್ ನಡುವಿನ ಆವರ್ತನದಲ್ಲಿ. ಪರವಾನಗಿ ಬೇಡದ ಈ ಜಾಗದಲ್ಲಿ 2.4 ಗಿಗಾಹರ್ಟ್ಸ್ ವೈ-ಫೈ, ವೈರ್‌ಲೆಸ್ ಮೌಸ್, ಮೈಕ್ರೋವೇವ್ ಅವನ್ ಎಲ್ಲವೂ ಸೇರಿಕೊಂಡಿವೆ. ಇದನ್ನು ನಿಭಾಯಿಸುವ ಉಪಾಯ ಬ್ಲೂಟೂತ್‌ನಲ್ಲೇ ಇದೆ. ಹೆಡ್‌ಫೋನ್‌ಗಳು ಬಳಸುವ ಕ್ಲಾಸಿಕ್ ಬ್ಲೂಟೂತ್ ಈ ಜಾಗವನ್ನು 79 ಚಾನೆಲ್‌ಗಳಾಗಿ ಹಂಚಿಕೊಂಡು, ಸೆಕೆಂಡಿಗೆ 1600 ಸಲ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ. ಗದ್ದಲವಿರುವ ಚಾನೆಲ್‌ಗಳನ್ನು ಗುರುತಿಸಿ ಬಿಟ್ಟುಬಿಡುವ ಜಾಣತನ 2003ರಲ್ಲಿ ಬಂದ 1.2ನೇ ಆವೃತ್ತಿಯಿಂದಲೇ ಇದೆ. ಹಾಗಾಗಿ ಮನೆಯ ವೈ-ಫೈ ರೌಟರ್ ಒಂದರಿಂದಲೇ ಬ್ಲೂಟೂತ್ ಕೆಡುವುದು ಕಡಿಮೆ.

ನಿಜವಾದ ತೊಂದರೆ ಇರುವುದು ಡಾಂಗಲ್‌ನ ಪಕ್ಕದಲ್ಲೇ. ಯುಎಸ್‌ಬಿ 3.0 ಪೋರ್ಟ್‌ನಲ್ಲಿ ದತ್ತಾಂಶ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಹರಿಯುವಾಗ ಪೋರ್ಟ್, ಕೇಬಲ್, ಅದಕ್ಕೆ ಹಾಕಿದ ಹಾರ್ಡ್ ಡಿಸ್ಕ್ ಎಲ್ಲದರಿಂದಲೂ ರೇಡಿಯೊ ಗದ್ದಲ ಹೊಮ್ಮುತ್ತದೆ. ಆ ಗದ್ದಲ 2.4ರಿಂದ 2.5 ಗಿಗಾಹರ್ಟ್ಸ್‌ವರೆಗೂ ಹರಡಿರುತ್ತದೆ ಎಂಬುದನ್ನು 2012ರಲ್ಲಿ ಇಂಟೆಲ್ ಕಂಪನಿಯೇ ಅಳೆದು ವರದಿ ಪ್ರಕಟಿಸಿತು. ಒಂದೆರಡು ಚಾನೆಲ್ ಕೆಟ್ಟರೆ ಜಿಗಿದು ಪಾರಾಗಬಹುದು. ಇಡೀ ಜಾಗವೇ ಕೆಟ್ಟಿದ್ದರೆ ಜಿಗಿಯುವುದಾದರೂ ಎಲ್ಲಿಗೆ? ಜಾತ್ರೆಯ ಧ್ವನಿವರ್ಧಕದ ಕೆಳಗೆ ನಿಂತು ಪಿಸುಮಾತು ಕೇಳಿಸಿಕೊಳ್ಳಲು ಹೊರಟಂತೆ ಆಗುತ್ತದೆ ಡಾಂಗಲ್‌ನ ಪರಿಸ್ಥಿತಿ.

ಡಾಂಗಲ್‌ನ ಶಕ್ತಿಯೂ ಅಷ್ಟಕ್ಕಷ್ಟೇ. ಕ್ಲಾಸ್ 2 ಎಂದು ಕರೆಯುವ ಸಾಧನಗಳು ಹೊರಸೂಸುವುದು ಹೆಚ್ಚೆಂದರೆ 2.5 ಮಿಲಿವ್ಯಾಟ್, ಅವುಗಳ ವ್ಯಾಪ್ತಿ ಬಯಲಿನಲ್ಲೇ ಸುಮಾರು 10 ಮೀಟರ್. ಸಿಪಿಯು ಹಿಂದೆ ಸಿಕ್ಕಿಸಿದರೆ ಉಕ್ಕಿನ ಪೆಟ್ಟಿಗೆ ಅಡ್ಡ, ಮೇಜು ಅಡ್ಡ, ಕೊನೆಗೆ ನಮ್ಮ ಮೈಯೂ ಅಡ್ಡ.

ಮೊದಲ ಮದ್ದು: ಎಕ್ಸ್‌ಟೆನ್ಷನ್ ಕೇಬಲ್

ಹೊಸ ಡಾಂಗಲ್‌ಗೆ ದುಡ್ಡು ಹಾಕುವ ಮೊದಲು ಒಂದು ಮೀಟರ್ ಉದ್ದದ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ತನ್ನಿ. ಅದರ ತುದಿಗೆ ಡಾಂಗಲ್ ಹಾಕಿ, ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಇಡಿ. ಬ್ಲೂಟೂತ್‌ಗೆ ಯುಎಸ್‌ಬಿ 2.0 ವೇಗ ಧಾರಾಳವಾಗಿ ಸಾಕು. ಕೇಬಲ್ ಇಲ್ಲದಿದ್ದರೆ ಮುಂಭಾಗದ ಯುಎಸ್‌ಬಿ 2.0 ಪೋರ್ಟ್ ಬಳಸಿ. ಸಾಮಾನ್ಯವಾಗಿ ಒಳಗೆ ಕಪ್ಪು ಬಣ್ಣವಿದ್ದರೆ 2.0, ನೀಲಿಯಿದ್ದರೆ 3.0. ಹೊರಗಿನ ಹಾರ್ಡ್ ಡಿಸ್ಕನ್ನು ಡಾಂಗಲ್‌ನಿಂದ ದೂರವಿಡಿ.

ಡಾಂಗಲ್ ಕೊಳ್ಳುವಾಗ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ, ಡಬ್ಬಿಯ ಮೇಲಿನ ‘5.3’, ‘5.4’ ಎಂಬ ದಪ್ಪಕ್ಷರ ನೋಡಿ ಮರುಳಾಗಬೇಡಿ. ಮುಖ್ಯವಾದದ್ದು ಒಳಗಿರುವ ಚಿಪ್. ಒಂದು ಕಾಲಕ್ಕೆ ಹೆಸರು ಮಾಡಿದ್ದ ಸಿಎಸ್‌ಆರ್ 8510 ಚಿಪ್ 4.0 ಆವೃತ್ತಿಯದು. ಸಿಎಸ್‌ಆರ್ ಕಂಪನಿಯನ್ನು 2015ರಲ್ಲಿ ಕ್ವಾಲ್‌ಕಾಮ್ ಕೊಂಡುಕೊಂಡಿತು. ಅದರ ಹೆಸರು ಹೊತ್ತ ನಕಲಿ ಚಿಪ್‌ಗಳು ಮಾತ್ರ ಇನ್ನೂ ಓಡಾಡುತ್ತಿವೆ. ಅವುಗಳ ಕಾಟ ಎಷ್ಟೆಂದರೆ, ನಕಲಿಗಳನ್ನು ಗುರುತಿಸಿ ಸಂಭಾಳಿಸಲೆಂದೇ ಲಿನಕ್ಸ್ ಕರ್ನಲ್‌ನಲ್ಲಿ ಪ್ರತ್ಯೇಕ ಕೋಡ್ ಬರೆಯಬೇಕಾಯಿತು. ಟಿಪಿ-ಲಿಂಕ್ ಯುಬಿ500, ಏಸುಸ್ ಯುಎಸ್‌ಬಿ-ಬಿಟಿ500 ಮುಂತಾದವುಗಳಲ್ಲಿ ರಿಯಲ್‌ಟೆಕ್ ಚಿಪ್ ಇದೆ. ತಯಾರಕರ ತಾಣದಲ್ಲಿ ಡ್ರೈವರ್ ಸಿಗುವಂಥ ಡಾಂಗಲನ್ನೇ ಆರಿಸಿಕೊಳ್ಳಿ.

ತಂದದ್ದು ಹೇಳಿದ ಆವೃತ್ತಿಯದೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು, ಬ್ಲೂಟೂತ್ ಅಡಾಪ್ಟರಿನ ಪ್ರಾಪರ್ಟೀಸ್‌ನಲ್ಲಿ ‘ಅಡ್ವಾನ್ಸ್‌ಡ್’ ಪುಟ ನೋಡಿ. ಅಲ್ಲಿ ‘ಎಲ್‌ಎಂಪಿ’ ಎಂಬ ಸಂಖ್ಯೆ ಇರುತ್ತದೆ. 6 ಎಂದರೆ ಬ್ಲೂಟೂತ್ 4.0, 9 ಎಂದರೆ 5.0, 10 ಎಂದರೆ 5.1, 11 ಎಂದರೆ 5.2, 12 ಎಂದರೆ 5.3. ಡಬ್ಬಿಯ ಮೇಲೆ 5.3 ಇದ್ದು ಇಲ್ಲಿ 6 ಕಂಡರೆ ಅಂಗಡಿಗೆ ಹಿಂತಿರುಗಿಸಿ.

ಪಿಸಿಐಇ ಕಾರ್ಡ್: ಒಂಬತ್ತು ಪಿನ್ನಿನ ಗುಟ್ಟು

ವೈ-ಫೈ ಕೂಡ ಬೇಕಿದ್ದವರಿಗೆ ಮದರ್‌ಬೋರ್ಡಿನ ಸ್ಲಾಟ್‌ನಲ್ಲಿ ಕೂರಿಸುವ ಪಿಸಿಐಇ ಕಾರ್ಡ್ ಒಳ್ಳೆಯ ಆಯ್ಕೆ. ಇಂಟೆಲ್‌ನ ಎಎಕ್ಸ್200, ಎಎಕ್ಸ್210 ಇರುವ ಕಾರ್ಡ್‌ಗಳು ಜನಪ್ರಿಯ. ಆದರೆ ಕಾರ್ಡ್ ಕೂರಿಸಿದ ಮೇಲೆ ‘ವೈ-ಫೈ ಬಂತು, ಬ್ಲೂಟೂತ್ ಕಾಣಿಸುತ್ತಲೇ ಇಲ್ಲ’ ಎನ್ನುವವರೇ ಹೆಚ್ಚು. ಕಾರಣ ಸರಳ. ಈ ಕಾರ್ಡ್‌ಗಳಲ್ಲಿ ವೈ-ಫೈ ಪಿಸಿಐಇ ಸ್ಲಾಟ್ ಮೂಲಕ ಕೆಲಸ ಮಾಡಿದರೆ, ಬ್ಲೂಟೂತ್ ಯುಎಸ್‌ಬಿ ಮೂಲಕ ಕೆಲಸ ಮಾಡುತ್ತದೆ. ಅದಕ್ಕೆಂದೇ ಕಾರ್ಡಿನ ಜೊತೆ ಸಣ್ಣದೊಂದು ಕೇಬಲ್ ಕೊಟ್ಟಿರುತ್ತಾರೆ. ಅದನ್ನು ಮದರ್‌ಬೋರ್ಡಿನ ಯುಎಸ್‌ಬಿ 2.0 ಹೆಡರ್‌ಗೆ ಹಾಕಬೇಕು. ಐದೈದರ ಎರಡು ಸಾಲು, ಒಂದು ಮೂಲೆಯಲ್ಲಿ ಪಿನ್ ಇಲ್ಲ: ಒಟ್ಟು ಒಂಬತ್ತು ಪಿನ್. ಖಾಲಿ ಮೂಲೆಗೆ ಕೇಬಲ್ಲಿನ ಮುಚ್ಚಿದ ರಂಧ್ರ ಹೊಂದಿಸಿದರೆ ತಲೆಕೆಳಗಾಗುವ ಭಯವಿಲ್ಲ. ಈ ಕೆಲಸಕ್ಕೆ ಮೊದಲು ಕಂಪ್ಯೂಟರ್ ಆಫ್ ಮಾಡಿ ಪವರ್ ಕೇಬಲ್ ಕಿತ್ತಿರಬೇಕು.

ಆಂಟೆನಾಗಳನ್ನೂ ತಪ್ಪದೆ ತಿರುಗಿಸಿ ಬಿಗಿಮಾಡಿ. ಅವಿಲ್ಲದೆ ಸಿಗ್ನಲ್ ಮೇಜು ದಾಟುವುದಿಲ್ಲ. ಕೇಬಲ್ ಇರುವ ಆಂಟೆನಾ ಸಿಕ್ಕರೆ ಅದನ್ನು ಮೇಜಿನ ಮೇಲೆ ತಂದಿಡಬಹುದು. ಎಂ.2 ಸ್ಲಾಟ್‌ಗೆ ಬಿಡಿ ಕಾರ್ಡ್ ಕೊಳ್ಳುವವರು ಇನ್ನೊಂದು ವಿಷಯ ಗಮನಿಸಬೇಕು: ಎಎಕ್ಸ್201, ಎಎಕ್ಸ್211 ಕಾರ್ಡ್‌ಗಳು ಅವಕ್ಕೆ ಹೊಂದುವ ಇಂಟೆಲ್ ಬೋರ್ಡ್‌ಗಳಲ್ಲಿ ಮಾತ್ರ ನಡೆಯುತ್ತವೆ, ಎಎಂಡಿ ಬೋರ್ಡ್‌ಗಳಲ್ಲಿ ಇಲ್ಲ.

ಸೆಟ್ಟಿಂಗ್ಸ್ ಕಡೆಗೂ ಒಂದು ಕಣ್ಣು

ವಿಂಡೋಸ್ ಒಂದು ಸಲಕ್ಕೆ ಒಂದೇ ಬ್ಲೂಟೂತ್ ಅಡಾಪ್ಟರ್ ಬಳಸುತ್ತದೆ. ಬೋರ್ಡಿನಲ್ಲೇ ಹಳೆಯದೊಂದಿದ್ದರೆ ಹೊಸದನ್ನು ಹಾಕುವ ಮುನ್ನ ಡಿವೈಸ್ ಮ್ಯಾನೇಜರ್‌ನಲ್ಲಿ ಅದನ್ನು ಡಿಸೇಬಲ್ ಮಾಡಿ. ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಮೌಸ್ ಸ್ಪಂದಿಸದಿದ್ದರೆ ಅಡಾಪ್ಟರಿನ ‘ಪವರ್ ಮ್ಯಾನೇಜ್‌ಮೆಂಟ್’ ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬಲ್ಲಿರುವ ಟಿಕ್ ತೆಗೆಯಿರಿ.

ಎಲ್ಲ ಸರಿಯಿದ್ದರೂ ಮೀಟಿಂಗ್ ಶುರುವಾದೊಡನೆ ಹೆಡ್‌ಫೋನ್‌ನ ಧ್ವನಿ ಹಳೆಯ ಟೆಲಿಫೋನಿನದಾಗುವುದುಂಟು. ಇದು ಕೆಟ್ಟಿರುವ ಲಕ್ಷಣವಲ್ಲ. ಹಾಡಿಗೆ ಬಳಸುವ ಎ2ಡಿಪಿ ವಿಧಾನದಲ್ಲಿ ಧ್ವನಿ ಸ್ಟೀರಿಯೊ, ಆದರೆ ಒಮ್ಮುಖ. ಮೈಕ್ ಬೇಕಾದಾಗ ಎಚ್‌ಎಫ್‌ಪಿ ವಿಧಾನಕ್ಕೆ ಬದಲಾಗಿ ಧ್ವನಿ ಮೋನೊ ಆಗುತ್ತದೆ. ಸ್ಯಾಂಪ್ಲಿಂಗ್ ಸಾಮಾನ್ಯವಾಗಿ 8 ಅಥವಾ 16 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ವೆಬ್‌ಕ್ಯಾಮ್‌ನ ಮೈಕ್ ಅಥವಾ ಬೇರೆ ಯುಎಸ್‌ಬಿ ಮೈಕ್ ಆರಿಸಿಕೊಂಡರೆ ಹೆಡ್‌ಫೋನ್ ಮತ್ತೆ ಸ್ಟೀರಿಯೊ ಆಗುತ್ತದೆ.

ವೈರ್ ಇರುವ ಕೀಬೋರ್ಡ್ ಒಂದನ್ನು ಮಾತ್ರ ಅಟ್ಟಕ್ಕೆ ಎಸೆಯಬೇಡಿ. ಬಯೋಸ್ ಪರದೆ ಬರುವ ಹೊತ್ತಿಗೆ ಬ್ಲೂಟೂತ್ ಎಚ್ಚರಗೊಂಡಿರುವುದಿಲ್ಲ. ಅಲ್ಲಿ ಬ್ಲೂಟೂತ್ ಕೀಬೋರ್ಡ್ ಸಾಮಾನ್ಯವಾಗಿ ಕೆಲಸಕ್ಕೆ ಬಾರದು.

ಒಟ್ಟಿನಲ್ಲಿ ಖರ್ಚಿನ ಕ್ರಮ ಹೀಗಿರಲಿ: ಡಾಂಗಲ್ ಈಗಾಗಲೇ ಇದ್ದರೆ ಮೊದಲು ಎಕ್ಸ್‌ಟೆನ್ಷನ್ ಕೇಬಲ್, ಅದರಿಂದ ಸರಿಹೋಗದಿದ್ದರೆ ಒಳ್ಳೆಯ ಚಿಪ್ ಇರುವ ಡಾಂಗಲ್, ವೈ-ಫೈ ಕೂಡ ಬೇಕಿದ್ದರೆ ಮಾತ್ರ ಪಿಸಿಐಇ ಕಾರ್ಡ್. ಹೆಚ್ಚಿನ ಮನೆಗಳಲ್ಲಿ ಮೊದಲನೆಯದಕ್ಕೇ ಸಮಸ್ಯೆ ಮುಗಿಯುತ್ತದೆ.