ಅಲೆಗೆ ಎಷ್ಟು ತೂಕ, ತೂಕಕ್ಕೆ ಎಷ್ಟು ಬೆಲೆ

ಅಮೆರಿಕದ ಟೆನೆಸ್ಸಿ ರಾಜ್ಯದ ಪೂರ್ವಭಾಗದಲ್ಲಿ ವೊನೋರ್, ಲೌಡನ್, ಮೇರಿವಿಲ್ ಎಂಬ ಮೂರು ಸಣ್ಣ ಊರುಗಳಿವೆ. ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಗಂಟೆಯೊಳಗೆ ತಲುಪಬಹುದು. ವೇಕ್‌ಸರ್ಫ್ ದೋಣಿಗಳಲ್ಲಿ ಹೆಸರು ಮಾಡಿದ ಮಾಸ್ಟರ್‌ಕ್ರಾಫ್ಟ್ ಮೊದಲನೆಯ ಊರಿನದು, ಮಾಲಿಬು ಎರಡನೆಯದರದು, ಸುಪ್ರಾ ಮತ್ತು ಮೂಂಬಾ ಮೂರನೆಯದರವು. ಟೆನೆಸ್ಸಿ ನದಿಗೂ ಅದರ ಉಪನದಿಗಳಿಗೂ ಅಣೆಕಟ್ಟು ಕಟ್ಟಿದ್ದರಿಂದ ಸುತ್ತಲೂ ಜಲಾಶಯಗಳಿವೆ. ಕಟ್ಟಿದ ದೋಣಿಯನ್ನು ನೀರಿಗಿಳಿಸಿ ನೋಡಲು ದೂರ ಹೋಗಬೇಕಿಲ್ಲ.

ವೇಕ್‌ಸರ್ಫ್ ಆಟದಲ್ಲಿ ಸವಾರ ಹಗ್ಗ ಹಿಡಿದು ಹಲಗೆಯ ಮೇಲೆ ಎದ್ದು ನಿಲ್ಲುತ್ತಾನೆ. ಆಮೇಲೆ ಹಗ್ಗವನ್ನು ದೋಣಿಯೊಳಕ್ಕೆ ಎಸೆದು, ದೋಣಿ ಎಬ್ಬಿಸಿದ ಅಲೆಯ ಇಳಿಜಾರಿನಲ್ಲೇ ಜಾರುತ್ತ ಸಾಗುತ್ತಾನೆ. ವೇಗ ಗಂಟೆಗೆ ಸುಮಾರು 16ರಿಂದ 19 ಕಿಲೋಮೀಟರ್. ಮೂಲ್ಕಿಯ ಕಡಲಿನಲ್ಲಿ ಸರ್ಫ್ ಮಾಡುವವರಿಗೆ ಎಲ್ಲೋ ದೂರದ ಗಾಳಿ ಅಲೆಯನ್ನು ಪುಕ್ಕಟೆ ಕಳಿಸುತ್ತದೆ. ಕೆರೆಯ ಅಲೆಗೆ ಮಾತ್ರ ಅಡಿ ಅಡಿಗೂ ಪೆಟ್ರೋಲ್ ಸುಡಬೇಕು.

ಇಂಥ ದೋಣಿ ಕೊಳ್ಳಲು ಹೊರಟವರು ಮೊದಲು ಎರಡು ಸಾಲು ಬೆಲೆಗಳನ್ನು ನೋಡುತ್ತಾರೆ. ಅಗ್ಗದ ಕಡೆ ಬ್ರನ್ಸ್‌ವಿಕ್ ಬಳಗದ ಹೇಡೇಯಂಥವು. ಮಧ್ಯಮ ಬೆಲೆಯಲ್ಲಿ ಮಾಲಿಬು ಕಂಪನಿಯದೇ ಆದ ಆ್ಯಕ್ಸಿಸ್, ಸುಪ್ರಾ ಕಟ್ಟುವವರದೇ ಆದ ಮೂಂಬಾ. ನಡುವಿನ ಅಂತರ ಹತ್ತಾರು ಸಾವಿರ ಡಾಲರ್. ಆ ಹಣ ಎಲ್ಲಿ ಹೋಯಿತು ಎಂದು ಮಾರಾಟದ ಹಾಳೆ ನೋಡಿದರೆ ಸೀಟಿನ ಹೊದಿಕೆ, ಪರದೆ, ಸ್ಪೀಕರ್, ದೀಪಗಳು ಕಾಣುತ್ತವೆ. ಇವುಗಳಿಗೂ ಅಲೆಗೂ ಸಂಬಂಧವಿಲ್ಲ. ಅಲೆಯನ್ನು ನಿರ್ಧರಿಸುವ ತೂಕ, ತಳದ ಆಕಾರ, ಗೇರು, ಪ್ರೊಪೆಲ್ಲರ್ ಇವೆಲ್ಲ ಹಾಳೆಯ ಕೊನೆಯಲ್ಲಿ ಸಣ್ಣಕ್ಷರದಲ್ಲಿರುತ್ತವೆ. ಓದಬೇಕಾದದ್ದು ಅದನ್ನೇ.

19ನೇ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಫ್ರೂಡ್ ಎಂಬ ಎಂಜಿನಿಯರ್ ಟಾರ್ಕಿಯಲ್ಲಿ ಉದ್ದನೆಯ ತೊಟ್ಟಿ ಕಟ್ಟಿಸಿ, ಹಡಗುಗಳ ಸಣ್ಣ ಮಾದರಿಗಳನ್ನು ಅದರಲ್ಲಿ ಎಳೆದು ಅಳೆದ. ಹಡಗಿನ ಉದ್ದಕ್ಕೂ ವೇಗಕ್ಕೂ ಇರುವ ನಂಟು ಅವನ ಲೆಕ್ಕದಿಂದ ಸ್ಪಷ್ಟವಾಯಿತು. ಆಳದ ನೀರಿನಲ್ಲಿ ಅಲೆಯ ಉದ್ದ ಅದರ ವೇಗಕ್ಕೆ ತಕ್ಕಂತೆ ನಿಗದಿಯಾಗುತ್ತದೆ. ದೋಣಿಯ ಬೆನ್ನಿಗೇ ಬರುವ ಅಲೆಗೆ ದೋಣಿಯದೇ ವೇಗ. ಸೆಕೆಂಡಿಗೆ 4.9 ಮೀಟರ್, ಅಂದರೆ ಗಂಟೆಗೆ ಸುಮಾರು 18 ಕಿಲೋಮೀಟರ್ ವೇಗದಲ್ಲಿ ಒಂದು ಅಲೆಯ ನೆತ್ತಿಯಿಂದ ಮುಂದಿನದರ ನೆತ್ತಿಗೆ ಸುಮಾರು 15 ಮೀಟರ್. ದೋಣಿಯ ಉದ್ದವೋ ಆರೇಳು ಮೀಟರ್ ಅಷ್ಟೆ. ಹೀಗಾಗಿ ಅದರ ಮುಂಭಾಗ ಅಲೆಯ ನೆತ್ತಿಯ ಮೇಲೂ ಹಿಂಭಾಗ ತಗ್ಗಿನಲ್ಲೂ ಸಿಕ್ಕಿಬೀಳುತ್ತದೆ. ತಾನೇ ಎಬ್ಬಿಸಿದ ಏರನ್ನು ತಾನೇ ಹತ್ತುತ್ತ, ಎಂದೂ ಅದನ್ನು ದಾಟದೆ ಓಡುತ್ತದೆ. ತುಂಬಿದ ಬಸ್ಸು ಆಗುಂಬೆ ಘಾಟಿಯನ್ನು ಎರಡನೇ ಗೇರಿನಲ್ಲಿ ಹತ್ತುತ್ತಲೇ ಇರುವ ಸ್ಥಿತಿ ಅದು. ಹಡಗು ಕಟ್ಟುವವರು ಈ ವೇಗವನ್ನು ತಪ್ಪಿಸಲು ನೋಡುತ್ತಾರೆ. ಮಾಮೂಲಿ ಮೋಟಾರು ದೋಣಿ ಇದನ್ನು ಬೇಗ ದಾಟಿ ನೀರಿನ ಮೇಲೆ ಹಗುರಾಗಿ ಜಾರತೊಡಗುತ್ತದೆ. ವೇಕ್‌ಸರ್ಫ್ ದೋಣಿ ಮಾತ್ರ ಗಂಟೆಗಟ್ಟಲೆ ಅಲ್ಲೇ ಇರಬೇಕು.

ಅಲೆಯಲ್ಲಿರುವ ಶಕ್ತಿ ಅದರ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೊಣಕಾಲೆತ್ತರದ ಅಲೆಯನ್ನು ಅದರ ಎರಡರಷ್ಟು ಎತ್ತರಿಸಬೇಕೆಂದರೆ ನಾಲ್ಕು ಪಟ್ಟು ಶಕ್ತಿ ಬೇಕು. ಅಗ್ಗದ ದೋಣಿಯ ಅಲೆಗೂ ದುಬಾರಿ ದೋಣಿಯ ಅಲೆಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಒಂದು ಗೇಣೇ ಇರಬಹುದು. ಆ ಗೇಣಿನ ಹಿಂದೆ ದೊಡ್ಡ ಎಂಜಿನ್ನು, ಹೆಚ್ಚು ತೂಕ, ಹೆಚ್ಚು ಪೆಟ್ರೋಲ್ ಇರುತ್ತದೆ.

ತೂಕವನ್ನು ಕೊಡುವುದು ನೀರೇ. ಆರ್ಕಿಮಿಡೀಸ್ ಹೇಳಿದ ಹಾಗೆ, ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಸರಿದ ನೀರು ಹಿಂದೆ ಮತ್ತೆ ಕೂಡಿಕೊಳ್ಳುವಾಗ ಅಲೆ ಏಳುತ್ತದೆ. ಅದಕ್ಕೇ ದೋಣಿಯ ಒಡಲಿನಲ್ಲಿ ಬ್ಯಾಲಸ್ಟ್ ಟ್ಯಾಂಕುಗಳಿದ್ದು, ಕೆರೆಯ ನೀರನ್ನೇ ಪಂಪಿನಿಂದ ಒಳಗೆಳೆದುಕೊಳ್ಳುತ್ತವೆ. ಸಾವಿರ ಲೀಟರ್ ತುಂಬಿದರೆ ಸಾವಿರ ಕಿಲೋ. ಹೋಲಿಸುವಾಗ ಖಾಲಿ ದೋಣಿಯ ತೂಕ, ಟ್ಯಾಂಕಿನ ನೀರು, ಪೆಟ್ರೋಲ್, ಕೂರುವ ಜನ ಎಲ್ಲವನ್ನೂ ಕೂಡಿಸಿಯೇ ಹೋಲಿಸಬೇಕು. ಹೆಚ್ಚುವರಿ ನೀರಿನ ಚೀಲಗಳನ್ನು ಹಾಕಿದರೆ ಅಗ್ಗದ ದೋಣಿಯೂ ಮಧ್ಯಮ ಬೆಲೆಯದರ ಒಟ್ಟು ತೂಕವನ್ನು ಮುಟ್ಟಬಲ್ಲದು. ಆಗ ಅಲೆಯೂ ಹತ್ತಿರಕ್ಕೆ ಬರುತ್ತದೆ. ಆದರೆ ಚೀಲಗಳು ಸಾಮಾನಿಡುವ ಜಾಗವನ್ನು ನುಂಗುತ್ತವೆ, ತುಂಬುವುದೂ ಖಾಲಿಯಾಗುವುದೂ ನಿಧಾನ. ಅದಕ್ಕಿಂತ ಮುಖ್ಯ, ದೋಣಿ ಆಳಕ್ಕೆ ಕುಳಿತಷ್ಟೂ ಅದರ ಅಂಚು ನೀರಿಗೆ ಹತ್ತಿರವಾಗುತ್ತದೆ. ಮುಂಭಾಗ ತೆರೆದಿರುವ ದೋಣಿ ವೇಗ ತಗ್ಗಿಸಿ ತಿರುಗುವಾಗ ತನ್ನ ಅಲೆಯನ್ನು ತಾನೇ ಒಳಗೆ ತುಂಬಿಕೊಳ್ಳುವ ಅಪಾಯವಿದೆ. ತಯಾರಕರು ಹೇಳುವ ಗರಿಷ್ಠ ಭಾರದಲ್ಲಿ ಬ್ಯಾಲಸ್ಟ್ ಸೇರಿದೆಯೋ ಇಲ್ಲವೋ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.

ಹಿಂದೆ ಅಲೆಗೆ ಒಳ್ಳೆಯ ಆಕಾರ ಬರಲು ದೋಣಿಯನ್ನು ಒಂದು ಮಗ್ಗುಲಿಗೆ ವಾಲಿಸುತ್ತಿದ್ದರು. ಜನರನ್ನೂ ಚೀಲಗಳನ್ನೂ ಅತ್ತಲೇ ತಳ್ಳಿ ಕೂರಿಸುತ್ತಿದ್ದರು. 2012ರ ಹೊತ್ತಿಗೆ ಮಾಲಿಬು ಸರ್ಫ್ ಗೇಟ್ ಎಂಬ ಉಪಾಯ ತಂದಿತು. ದೋಣಿಯ ಹಿಂಭಾಗದ ಎರಡು ಮೂಲೆಗಳಲ್ಲಿ ಒಂದೊಂದು ರೆಕ್ಕೆ. ಬಲಗಡೆ ಸರ್ಫ್ ಮಾಡಬೇಕಾದರೆ ಎಡಗಡೆಯ ರೆಕ್ಕೆ ಚಾಚಿಕೊಳ್ಳುತ್ತದೆ, ಆ ಬದಿಯ ನೀರು ಬಂದು ಸೇರುವುದು ತಡವಾಗುತ್ತದೆ, ಬಲಗಡೆಯ ಅಲೆ ನುಣುಪಾಗಿ ಉದ್ದಕ್ಕೆ ನಿಲ್ಲುತ್ತದೆ. ಬೇರೆ ಕಂಪನಿಗಳೂ ತಮ್ಮ ತಮ್ಮ ಬಗೆಯನ್ನು ತಂದವು, ಪೇಟೆಂಟ್ ಜಗಳ ನ್ಯಾಯಾಲಯದವರೆಗೂ ಹೋಯಿತು. ನನ್ನ ಅಭಿಪ್ರಾಯದಲ್ಲಿ ಮಧ್ಯಮ ಬೆಲೆಗೆ ನಿಜವಾದ ಸಮರ್ಥನೆ ಸಿಗುವುದು ಇಲ್ಲೇ: ಸಮತಟ್ಟಾಗಿ ನಿಂತ ದೋಣಿ, ಒಡಲೊಳಗೇ ಇರುವ ಟ್ಯಾಂಕು, ಚಾಲಕನ ಕೈಯಳತೆಯಲ್ಲೇ ಬದಲಾಗುವ ಅಲೆ. ವಾಲದ ದೋಣಿ ಚಾಲಕನ ಮಾತು ಕೇಳುತ್ತದೆ. ಅದು ಸುರಕ್ಷತೆಯ ವಿಷಯ. ಹೊರಗಿನಿಂದ ಅಂಟಿಸುವ ಅಗ್ಗದ ರೆಕ್ಕೆಗಳೂ ಸಿಗುತ್ತವೆ. ಅವೂ ಕೆಲಸ ಮಾಡುತ್ತವೆ, ಆದರೆ ಬದಿ ಬದಲಿಸಬೇಕಾದಾಗಲೆಲ್ಲ ಕಿತ್ತು ಇನ್ನೊಂದು ಕಡೆ ಅಂಟಿಸಬೇಕು.

ಎಂಜಿನ್ನಿನ ಅಶ್ವಶಕ್ತಿ ನೋಡಿ ಮರುಳಾಗಬೇಕಿಲ್ಲ. ನಿಧಾನ ವೇಗದಲ್ಲಿ ಭಾರ ತಳ್ಳುವಾಗ, ಸ್ವಲ್ಪ ನೀರನ್ನು ರಭಸದಿಂದ ಎಸೆಯುವುದಕ್ಕಿಂತ ಹೆಚ್ಚು ನೀರನ್ನು ಮೆಲ್ಲಗೆ ನೂಕುವುದರಲ್ಲಿ ಶಕ್ತಿಯ ನಷ್ಟ ಕಡಿಮೆ. ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುವ ಗೇರು ಇದ್ದರೆ ಅದೇ ಎಂಜಿನ್ನು ತುಂಬಿದ ದೋಣಿಯನ್ನು ಉಸಿರುಗಟ್ಟದೆ ವೇಗಕ್ಕೆ ತರುತ್ತದೆ. ಗೇರಿನ ಅನುಪಾತ ಎಷ್ಟು ಎಂದು ಕೇಳಿದರೆ ಮಾರುವವರಿಗೂ ಗೌರವ ಬರುತ್ತದೆ. ಪ್ರೊಪೆಲ್ಲರ್ ಒಡಲಿನ ಕೆಳಗೇ ಇರಬೇಕು, ಹಿಂದೆ ಚಾಚಿರಬಾರದು. ಬಿದ್ದ ಸವಾರನಿಗೂ ಅದಕ್ಕೂ ಕೆಲವೇ ಅಡಿ ದೂರ. ಬೆಲೆ ಎಷ್ಟೇ ಇಳಿದರೂ ಈ ವಿಷಯದಲ್ಲಿ ರಾಜಿ ಸಲ್ಲ. ಹಿಂಭಾಗದಲ್ಲಿ ಸುಳಿಯುವ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಹೊಗೆಕೊಳವೆ ಎಲ್ಲಿ ತೆರೆದುಕೊಳ್ಳುತ್ತದೆ, ಎಂಜಿನ್ನಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯೇ ಎಂಬುದನ್ನು ಹಳೆಯ ದೋಣಿ ಕೊಳ್ಳುವವರಂತೂ ನೋಡಲೇಬೇಕು.

ಎರಡು ದೋಣಿಗಳನ್ನು ಓಡಿಸಿ ನೋಡುವಾಗ ಅದೇ ಕೆರೆ, ಅದೇ ಆಳ, ಅಷ್ಟೇ ಜನ ಇರಲಿ. ಆಳದ ಮಾತನ್ನು ಒತ್ತಿ ಹೇಳಬೇಕು. ನೀರು ಎರಡೂವರೆ ಮೀಟರ್ ಮಾತ್ರ ಆಳವಿದ್ದರೆ, ಅಲ್ಲಿ ಅಲೆ ಓಡಬಲ್ಲ ಗರಿಷ್ಠ ವೇಗವೂ ಸರ್ಫ್ ದೋಣಿಯ ವೇಗವೂ ಸರಿಸುಮಾರು ಒಂದೇ ಆಗುತ್ತದೆ. ದೋಣಿ ಒದ್ದಾಡುತ್ತದೆ, ಅಲೆ ಕೆಡುತ್ತದೆ. ಅಂಥ ಕಡೆ ನೋಡಿದ ದೋಣಿಯನ್ನು ಬೇಡವೆಂದು ಬಿಟ್ಟರೆ ತಪ್ಪು ದೋಣಿಯದಲ್ಲ.

ಆಳ ಕಡಿಮೆಯಿದ್ದಲ್ಲಿ ಪ್ರೊಪೆಲ್ಲರಿನ ರಭಸ ತಳದ ಕೆಸರನ್ನೂ ಎಬ್ಬಿಸುತ್ತದೆ. ದಡದ ಮಾತು ಇನ್ನೂ ಗಂಭೀರ. ಮಿನೆಸೋಟ ವಿಶ್ವವಿದ್ಯಾಲಯದ ಸೇಂಟ್ ಆಂಥೋನಿ ಫಾಲ್ಸ್ ಪ್ರಯೋಗಾಲಯ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಾಮೂಲಿ ದೋಣಿ ದಡದಿಂದ 60 ಮೀಟರ್ ದೂರದಲ್ಲಿ ಹೋದಾಗ ದಡಕ್ಕೆ ಬೀಳುವ ಪೆಟ್ಟಿನಷ್ಟಕ್ಕೇ ಸರ್ಫ್ ಅಲೆ ಇಳಿಯಬೇಕಾದರೆ 150 ಮೀಟರಿಗೂ ಹೆಚ್ಚು ದೂರ ಬೇಕು. ವರ್ಮಾಂಟ್ ರಾಜ್ಯ 2024ರಲ್ಲಿ ಇದೇ ಜಾಡಿನ ನಿಯಮ ಜಾರಿಗೆ ತಂದಿತು: ದಡದಿಂದ 500 ಅಡಿ ದೂರ, 20 ಅಡಿ ಆಳ, ಅಂಥ ನೀರು ಒಂದೇ ಕಡೆ 50 ಎಕರೆಯಾದರೂ ಇರಬೇಕು. ಬ್ಯಾಲಸ್ಟ್ ಟ್ಯಾಂಕಿನಲ್ಲಿ ಉಳಿಯುವ ನೀರು ಝೀಬ್ರಾ ಮಸಲ್ ಎಂಬ ಚಿಪ್ಪುಜೀವಿಯ ಮರಿಗಳನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಸಾಗಿಸಬಲ್ಲದು, ಪಂಪು ಟ್ಯಾಂಕನ್ನು ಪೂರ್ತಿ ಬರಿದು ಮಾಡಲಾರದು. ಈ ಕೆರೆಗಳ ಮೇಲೆ ನನಗೆ ಅಲೆಗಿಂತ ಹೆಚ್ಚಿನ ಮಮತೆ ಇದೆ, ಹಾಗಾಗಿ ಕೊಳ್ಳುವವರಿಗೆ ಮೊದಲು ತಮ್ಮ ಕೆರೆಯ ಆಳದ ನಕ್ಷೆ ತೆಗೆದು ನೋಡಿ ಎನ್ನುತ್ತೇನೆ. ಎರಡೂ ದಡಗಳಿಂದ 150 ಮೀಟರ್ ಬಿಟ್ಟ ಮೇಲೆ, 300 ಮೀಟರ್ ಅಗಲದ ಕೆರೆಯಲ್ಲಿ ಉಳಿಯುವುದು ಒಂದು ಗೆರೆ. ಅಲ್ಲಿ ಅಗ್ಗದ ದೋಣಿಗೂ ಜಾಗವಿಲ್ಲ, ದುಬಾರಿಯದಕ್ಕೂ ಇಲ್ಲ.